ಗಾಳಿಗೆ ಗುದ್ದಿದ ವರ್ಷಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಕಾಲದಲ್ಲಿ ಸಿಮೆಂಟ್ ಮೂಟೆ ಪೇರಿಸುತ್ತಿದ್ದ, ಈಗ ಕರಾಟೆ ಕ್ಲಾಸ್ ನಡೆಯುವ ಗೋದಾಮಿನ ಷಟರ್ ಅರ್ಧಕ್ಕೆ ಬಂದು, ಎಂದಿನಂತೆ ಸಿಕ್ಕಿಕೊಳ್ಳುತ್ತದೆ. ಅದರ ಮುಂದೆ ನಿಂತಿರುವ, ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು ಅದಕ್ಕೊಂದು ಬೈಗುಳ ಕೊಟ್ಟು, ಎಡ ಭುಜ ಆನಿಸಿ ಮೇಲಕ್ಕೆ ನೂಕುತ್ತಾರೆ. ಬಲ ಭುಜಕ್ಕೆ ಈಚೆಗೆ ಅಂಥ ಕೆಲಸ ಹೇಳುವಂತಿಲ್ಲ. ಒಳಗೆ ಹೋಗಿ ಲೈಟು ಹಾಕಿ, ನೀಲಿ ಮ್ಯಾಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮೂಲೆಯಲ್ಲಿರುವ ಗೋಣಿಚೀಲದಿಂದ ಒಂದೊಂದೇ ಪ್ಯಾಡ್ ಹೊರಗೆಳೆಯುತ್ತಾರೆ. ಅಂಗೈಗೆ ತೊಡುವ ಚಿಕ್ಕವು, ಎದೆಗೆ ಆನಿಸಿ ಹಿಡಿಯುವ ದೊಡ್ಡವು. ಕೆಂಪು, ಕಂದು, ಹಸಿರು ರೆಕ್ಸಿನ್ನಿನವು. ಅಂಗಡಿಯಿಂದ ತಂದವು ಕಡಿಮೆ. ಉಳಿದವೆಲ್ಲ ಇವರ ಕೈಯಾರೆ ಹೊಲಿದವು.

ಅಷ್ಟರಲ್ಲಿ ಸ್ಕೂಟರುಗಳು ಬಂದು ನಿಲ್ಲತೊಡಗುತ್ತವೆ. ಹಿಂದಿನ ಸೀಟಿನಿಂದ ಜಾರಿ ಇಳಿಯುವ ಮಕ್ಕಳಿಗೆ ಇನ್ನೂ ಅರೆನಿದ್ದೆ. ಒಬ್ಬನ ಬೆಲ್ಟು ಹೆಗಲ ಮೇಲೆ, ಇನ್ನೊಬ್ಬಳ ಪ್ಯಾಂಟು ಹಿಂದುಮುಂದು. ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸಿ ಬೆಲ್ಟು ಬಿಗಿದು, ಬೆನ್ನಿಗೊಂದು ಮೆತ್ತನೆಯ ಏಟು ಕೊಟ್ಟು ಒಳಗೆ ಕಳಿಸುವುದು ದಿನದ ಮೊದಲ ಕೆಲಸ. ಎರಡನೆಯದು, ಅವರಿಂದ ಏಟು ತಿನ್ನುವುದು.

ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಇವರ ಮುಂದೆ ನಿಂತಿದ್ದಾಳೆ. ಆರು ವರ್ಷವಿರಬಹುದು. ಪ್ಯಾಡ್ ತೊಟ್ಟ ಅಂಗೈಯನ್ನು ಇವರು ಅವಳ ಎದೆಯ ಮಟ್ಟಕ್ಕೆ ಇಳಿಸಿ, ಮಂಡಿಯೂರಿ ಕೂತಿದ್ದಾರೆ. ಹುಡುಗಿ ಗುದ್ದುತ್ತಾಳೆ. ಗುದ್ದಿದ ಕೂಡಲೇ, “ಸಾರಿ ಅಕ್ಕ” ಅನ್ನುತ್ತಾಳೆ.

“ಯಾಕಮ್ಮಾ ಸಾರಿ?”

“ನಿಮಗೆ ನೋವಾಯ್ತೇನೋ ಅಂತ.”

“ಪ್ಯಾಡಿಗೆ ನೋವಾಗಲ್ಲ. ನನಗೂ ಆಗಲ್ಲ. ಇನ್ನೊಂದು ಕೊಡು. ಈ ಸಲ ಸದ್ದು ಬರಬೇಕು.”

ಹುಡುಗಿ ಮತ್ತೆ ಗುದ್ದುತ್ತಾಳೆ. ಠಪ್ ಎಂದು ಸದ್ದು ಏಳುತ್ತದೆ. ತನ್ನ ಕೈಯಿಂದಲೇ ಆ ಸದ್ದು ಬಂತೆಂದು ನಂಬಲಾಗದೆ ಮುಷ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ಆಮೇಲೆ ಸಾರಿ ಕೇಳುವುದಿಲ್ಲ.

ಪ್ಯಾಡಿಗೆ ನೋವಾಗುವುದಿಲ್ಲ ಎಂಬ ಮಾತು ನಿಜ. ಎರಡನೆಯ ಮಾತು ಸುಳ್ಳು. ಆ ಸುಳ್ಳನ್ನು ಇವರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ, ಇವರಿಗೇ ಗೊತ್ತಿಲ್ಲ.

ಮಕ್ಕಳು ಇವರನ್ನು ಕರೆಯುವುದು ಪ್ಯಾಡಕ್ಕ ಎಂದು. ಮಕ್ಕಳ ಅಪ್ಪ ಅಮ್ಮಂದಿರೂ ಹಾಗೇ, ಎದುರಿನ ಹಾಲಿನ ಅಂಗಡಿಯವರೂ ಹಾಗೇ. “ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಅಕ್ಕ ಅನ್ನಿಸ್ಕೊಳ್ಳೋದು ಅಂದ್ರೆ ಲಾಭಾನೇ ಅಲ್ವಾ?” ಎಂದು ನಗುತ್ತಾರೆ. ಮನೆಗೆಲಸದ ನಡುವೆ ಬೆಳಿಗ್ಗೆ ಒಂದು ತಂಡ, ಸಂಜೆ ಒಂದು ತಂಡ. ಎರಡೂ ಸೇರಿದರೆ ಅರವತ್ತರ ಹತ್ತಿರ ಮಕ್ಕಳು. ಒಬ್ಬೊಬ್ಬರದು ಎರಡು ಕೈ, ಎರಡು ಕಾಲು, ಒಂದೊಂದಕ್ಕೆ ಹತ್ತು ಹತ್ತು ಏಟು. ಗುಣಿಸಿ ನೋಡಲು ಹೋದರೆ ಪ್ಯಾಡಕ್ಕ ತಡೆಯುತ್ತಾರೆ. “ಬೇಡ ಬಿಡಿ. ಲೆಕ್ಕ ಗೊತ್ತಾದ್ರೆ ನಾಳೆಯಿಂದ ಕೈ ಏಳಲ್ಲ.”

ಗೋಡೆಯ ಮೇಲೆ ಇವರ ಫೋಟೋ ಇಲ್ಲ. ಬಹುಮಾನ ಗೆದ್ದ ಮಕ್ಕಳ ನಡುವೆ ನಿಂತಿರುವುದು ಕ್ಲಾಸ್ ನಡೆಸುವ ಕರಾಟೆ ಮಾಸ್ಟ್ರು, ಇವರ ಒಡಹುಟ್ಟಿದ ಅಣ್ಣ. ಫೋಟೋ ತೆಗೆಯುವ ಹೊತ್ತಿಗೆ ಪ್ಯಾಡಕ್ಕ ಯಾವುದಾದರೂ ಮಗುವನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿರುತ್ತಾರೆ.

ಪ್ಯಾಡ್ ಹಿಡಿಯುವುದೆಂದರೆ ಸುಮ್ಮನೆ ಒಡ್ಡಿ ನಿಲ್ಲುವುದಲ್ಲ. ಗೋಡೆಯಂತೆ ಬಿಗಿಯಾಗಿ ಹಿಡಿದರೆ ಮಗುವಿನ ಮಣಿಕಟ್ಟಿಗೆ ಪೆಟ್ಟು. ಸಡಿಲ ಬಿಟ್ಟರೆ ಏಟು ತೇಲಿಹೋಗಿ ಮಗು ಮುಗ್ಗರಿಸುತ್ತದೆ. ಏಟು ಬರುವ ಕ್ಷಣಕ್ಕೆ ಸರಿಯಾಗಿ ಪ್ಯಾಡನ್ನು ಒಂದಿಷ್ಟು ಎದುರು ಕೊಟ್ಟು, ಬಿದ್ದ ಮೇಲೆ ಒಂದಿಷ್ಟು ಹಿಂದೆ ತರಬೇಕು. “ಯಾರಾದ್ರೂ ಭಾರ ಎತ್ತಿ ಕೊಡುವಾಗ ನಾವು ಇಸ್ಕೊಳ್ತೀವಲ್ಲ, ಹಾಗೆ. ಇಸ್ಕೋಬೇಕು ಅಷ್ಟೆ” ಎನ್ನುತ್ತಾರೆ. ಇಸ್ಕೊಂಡಿದ್ದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಬಲ ಭುಜ ತೋರಿಸುತ್ತಾರೆ.

ಇವರ ಗಂಡ ಬಸ್ಸು, ಕಾರುಗಳಿಗೆ ಸೀಟ್ ಕವರ್ ಹೊಲಿಯುವವರು. ಮನೆಯ ಮುಂಭಾಗದಲ್ಲೇ ಅಂಗಡಿ. ಮೊದಲ ಪ್ಯಾಡು ಹುಟ್ಟಿದ್ದು ಅಲ್ಲಿಯ ಹೊಲಿಗೆ ಯಂತ್ರದ ಮೇಲೆ, ಹಳೆಯ ಬಸ್ಸಿನ ಸೀಟಿನ ಫೋಮು ಮತ್ತು ರೆಕ್ಸಿನ್ ತುಂಡುಗಳಿಂದ. “ಎಲ್ಲರ ಹೆಂಡ್ತೀರು ಕೆಲಸಕ್ಕೆ ಹೋಗಿ ಸಂಬಳ ತರ್ತಾರೆ. ನಮ್ಮವಳು ಒದೆ ತಿಂದು ಬರ್ತಾಳೆ” ಎಂದು ಆ ಮನುಷ್ಯ ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಾರೆ. ರಾತ್ರಿ ಊಟವಾದ ಮೇಲೆ ಹೆಂಡತಿಯ ಭುಜಕ್ಕೆ ಎಣ್ಣೆ ತಿಕ್ಕುವವರೂ ಅವರೇ. ಆಗ ತಮಾಷೆ ಇರುವುದಿಲ್ಲ.

ಕರಾಟೆ ಪ್ಯಾಡಕ್ಕನಿಗೆ ಬಂದದ್ದು ಅಣ್ಣನ ಬಾಲವಾಗಿ. ಅಣ್ಣ ಮನೆಯ ಹಿಂದಿನ ಓಣಿಯಲ್ಲಿ ಅಭ್ಯಾಸ ಮಾಡುವಾಗ ಗುದ್ದುಗಳನ್ನು ಎಣಿಸಲು ಒಬ್ಬರು ಬೇಕಿತ್ತು. ತಂಗಿ ಎಣಿಸಿದಳು. ಎಣಿಸುತ್ತಾ ಎಣಿಸುತ್ತಾ ತಾನೂ ಕೈ ಬೀಸಿದಳು. ಅಣ್ಣನ ಗುರುಗಳು ಒಂದು ದಿನ ಓಣಿಗೆ ಬಂದವರು ನೋಡಿ, “ಇವಳನ್ನೂ ಕರ್ಕೊಂಡು ಬಾ” ಅಂದರು. ಆ ಕ್ಲಾಸಿನಲ್ಲಿ ಇದ್ದವಳು ಅವಳೊಬ್ಬಳೇ ಹುಡುಗಿ. ಬಿಳಿ ಬೆಲ್ಟಿನಿಂದ ಹಿಡಿದು, ಬ್ಲ್ಯಾಕ್‌ಗೆ ಒಂದೇ ಮೆಟ್ಟಿಲು ಕೆಳಗಿನ ಬ್ರೌನ್ ಬೆಲ್ಟಿನವರೆಗೆ ಇಬ್ಬರೂ ಒಟ್ಟೊಟ್ಟಿಗೇ ಹತ್ತಿದರು.

ಆ ಗುರುಗಳದು ಒಂದೇ ಪಾಠ: ಗಾಳಿ. ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಗಾಳಿಯಲ್ಲೇ ಹೆಜ್ಜೆ, ತಡೆ, ಗುದ್ದು, ಒದೆಗಳನ್ನು ಒಂದರ ಹಿಂದೊಂದು ಮಾಡುವ ಕ್ರಮಕ್ಕೆ ಕಟಾ ಎನ್ನುತ್ತಾರೆ. ವರ್ಷಾನುಗಟ್ಟಲೆ ಅದೇ. ಯಾವುದನ್ನೂ ಮುಟ್ಟುವಂತಿಲ್ಲ. “ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಅಂತಾರಲ್ಲ ಗಾದೆ, ನಾವು ಅದನ್ನೇ ವಿದ್ಯೆ ಅಂತ ಕಲಿತ್ವಿ” ಎಂದು ಪ್ಯಾಡಕ್ಕ ನಗುತ್ತಾರೆ. ಕೂಡಲೇ ನಗು ನಿಲ್ಲಿಸಿ, “ಹಾಗನ್ನಬಾರದು. ಆ ಗುರುಗಳಿಂದಲೇ ನನಗೆ ನೆಟ್ಟಗೆ ನಿಲ್ಲೋದು ಬಂದಿದ್ದು” ಎಂದು ಸೇರಿಸುತ್ತಾರೆ.

ಬ್ಲ್ಯಾಕ್ ಬೆಲ್ಟಿನ ಪರೀಕ್ಷೆಯ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದರು. ಮನೆಯಲ್ಲಿ ಒಬ್ಬರು ಇರಬೇಕಿತ್ತು. ಅಣ್ಣ ಪರೀಕ್ಷೆಗೆ ಹೋದ, ತಂಗಿ ಗಂಜಿ ಕಾಯಿಸಿದಳು. “ಹೋಗಬೇಡ ಅಂತ ಯಾರೂ ಅನ್ನಲಿಲ್ಲ. ಹೋಗು ಅಂತಲೂ ಯಾರೂ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ನನಗೂ ಆಗ ಗೊತ್ತಿರಲಿಲ್ಲ.” ಅಮ್ಮ ಎರಡು ವರ್ಷ ಇದ್ದು ಹೋದರು. ಆಮೇಲೆ ಮದುವೆ, ಮಗ, ಸೀಟ್ ಕವರಿನ ಅಂಗಡಿ. ಬ್ರೌನ್ ಬೆಲ್ಟು ಎಲ್ಲಿ ಹೋಯಿತೋ ನೆನಪಿಲ್ಲ. ಯಾವುದೋ ಮೂಟೆ ಕಟ್ಟಲು ಬಳಕೆಯಾಗಿರಬೇಕು ಎಂದು ಅವರ ಅಂದಾಜು.

ಮಗ ದೊಡ್ಡವನಾಗಿ ತನ್ನ ಕಾಲ ಮೇಲೆ ತಾನು ನಿಂತ ಮೇಲೆ, ಅಣ್ಣನೇ ಕರೆದರು. ಮಕ್ಕಳ ಕ್ಲಾಸು ಬೆಳೆದಿತ್ತು. ಗುಡಿಸಲು, ಬೆಲ್ಟು ಕಟ್ಟಲು, ಅಳುವ ಮಕ್ಕಳನ್ನು ಸಮಾಧಾನ ಮಾಡಲು ಒಬ್ಬರು ಬೇಕಿತ್ತು. ತಂಗಿ ಪೊರಕೆ ಹಿಡಿದುಕೊಂಡೇ ಮೂಲೆಯಲ್ಲಿ ನಿಂತು ನೋಡತೊಡಗಿದರು. ಮಕ್ಕಳ ಕಟಾ ಅಚ್ಚುಕಟ್ಟು. ಮೂವತ್ತು ಕೈಗಳು ಒಟ್ಟಿಗೆ ಗಾಳಿ ಸೀಳಿದರೆ ನೋಡಲು ಎರಡು ಕಣ್ಣು ಸಾಲದು.

ಒಂದು ಸಂಜೆ ಮಗನನ್ನು ಕರೆದೊಯ್ಯಲು ಬಂದ ಅಪ್ಪನೊಬ್ಬ, ಮೂರು ವರ್ಷ ಕಲಿತಿದ್ದ ಹುಡುಗನ ಮುಂದೆ ಅಂಗೈ ಒಡ್ಡಿ, “ಎಲ್ಲಿ, ಒಂದು ಗುದ್ದು ನೋಡೋಣ” ಅಂದ. ಹುಡುಗ ಎಷ್ಟು ದೂರ ನಿಲ್ಲಬೇಕೆಂದು ತಿಳಿಯದೆ ಹಿಂದೆ ಮುಂದೆ ಸರಿದ. ಗುದ್ದಿದ ಮುಷ್ಟಿ ಅಂಗೈ ಮುಟ್ಟುವ ಮೊದಲೇ ನಿಂತಿತು. ಇನ್ನೊಮ್ಮೆ ಅಂದಾಗ ಮಣಿಕಟ್ಟು ಮಡಚಿಕೊಂಡು, ಹುಡುಗ ‘ಅಮ್ಮಾ’ ಎಂದು ಕೈ ಕೊಡವಿದ. ಅಪ್ಪ ನಕ್ಕ. ಹುಡುಗನೂ ನಕ್ಕ. ಪೊರಕೆ ಹಿಡಿದಿದ್ದವರಿಗೆ ನಗು ಬರಲಿಲ್ಲ.

ಆ ವಾರ ಮೊದಲ ಪ್ಯಾಡ್ ಹೊಲಿದರು. ಕಂದು ಬಣ್ಣದ್ದು, ದಿಂಬಿನಷ್ಟು ದೊಡ್ಡದು, ಹಿಂದೆ ಕೈ ತೂರಿಸಲು ಎರಡು ಪಟ್ಟಿ. ಕ್ಲಾಸ್ ಮುಗಿದ ಮೇಲೆ ಅಣ್ಣನ ಮುಂದೆ ಹಿಡಿದರು.

“ಅಣ್ಣಾ, ಮಕ್ಕಳು ಇದಕ್ಕೆ ಹೊಡೀಲಿ. ವಾರಕ್ಕೊಂದು ದಿನ ಆದ್ರೂ.”

ಮಾಸ್ಟ್ರು ಪ್ಯಾಡನ್ನು ತಿರುಗಿಸಿ ನೋಡಿದರು. “ಚೆನ್ನಾಗಿ ಹೊಲ್ದಿದ್ದೀಯ.”

“ಹೊಲಿಗೆ ಬಿಡು. ಹೊಡಿಸ್ತೀಯಾ?”

“ಬೇಡ ಕಣೇ. ನಾಲಿಗೆಗೆ ರುಚಿ ಹತ್ತಿದ ಹಾಗೆ ಕೈಗೂ ರುಚಿ ಹತ್ತುತ್ತೆ. ಇವತ್ತು ಪ್ಯಾಡು, ನಾಳೆ ಪಕ್ಕದ ಮನೆ ಹುಡುಗ. ಅಪ್ಪ ಅಮ್ಮ ಬಂದು ನನ್ನ ಕುತ್ತಿಗೆ ಹಿಡೀತಾರೆ.”

“ತಗಲಿದ್ರೆ ಹೇಗಿರುತ್ತೆ ಅಂತಲೇ ಗೊತ್ತಿಲ್ಲವಲ್ಲ ಅವಕ್ಕೆ.”

“ನಮಗೆ ಗೊತ್ತಿತ್ತಾ? ನಾವು ಕಲೀಲಿಲ್ವಾ?”

ಅಲ್ಲಿಗೆ ಮಾತು ಮುಗಿಯಿತು. ಮಾಸ್ಟ್ರು ಪ್ಯಾಡನ್ನು ಬೀರುವಿನ ಮೇಲಿಟ್ಟರು. ಇವರು ಪೊರಕೆ ಎತ್ತಿಕೊಂಡರು. “ಅಣ್ಣ ಕೆಟ್ಟದ್ದೇನೂ ಹೇಳಲಿಲ್ಲ” ಎಂದು ಪ್ಯಾಡಕ್ಕ ಈಗಲೂ ಅಣ್ಣನ ಪರವಾಗಿ ನಿಲ್ಲುತ್ತಾರೆ. “ನಾನೇ ಇನ್ನೊಂದು ಸಲ ಹೇಳಬಹುದಿತ್ತು. ಜಗಳ ಆಡಬಹುದಿತ್ತು. ಸೀಟ್ ಕವರಿನ ಗಿರಾಕಿ ಹತ್ತಿರ ಅರ್ಧ ಗಂಟೆ ಜಗಳ ಆಡ್ತೀನಿ. ಅಣ್ಣನ ಹತ್ತಿರ ಎರಡು ಮಾತಿಗೆ ಸುಮ್ಮನಾದೆ.”

ಆ ಕಾಲದಲ್ಲಿ ಕ್ಲಾಸಿನ ಕಣ್ಮಣಿ ಒಬ್ಬಳಿದ್ದಳು. ತೆಳ್ಳಗೆ, ಉದ್ದಕ್ಕೆ ಇದ್ದಳೆಂದು ಮಕ್ಕಳು ಇಟ್ಟ ಹೆಸರು ಕಡ್ಡಿ. ಎಂಟನೆಯ ವಯಸ್ಸಿಗೆ ಬಂದವಳು, ಹದಿಮೂರಕ್ಕೆಲ್ಲ ಕಟಾದಲ್ಲಿ ಅವಳ ಮುಂದೆ ನಿಲ್ಲುವವರಿರಲಿಲ್ಲ. ಅವಳು ಶುರು ಮಾಡಿದರೆ ಹೊರಗೆ ಕಾಯುವ ಅಪ್ಪಂದಿರು ಫೋನ್ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಾಸ್ಟ್ರಿಗೆ ಸ್ವಂತ ಮಕ್ಕಳಿಲ್ಲ. ಅವಳನ್ನು ನೋಡುವಾಗ ಅವರ ಮುಖದಲ್ಲಿ ಕಾಣುತ್ತಿದ್ದುದಕ್ಕೆ ಅಪ್ಪನ ಅಕ್ಕರೆ ಎಂಬುದರ ಹೊರತು ಬೇರೆ ಹೆಸರಿರಲಿಲ್ಲ. ಅವಳ ಕೂದಲಿಗೆ ಜಡೆ ಹೆಣೆದು ಬಿಗಿಯಾಗಿ ಕಟ್ಟುತ್ತಿದ್ದುದು ಪ್ಯಾಡಕ್ಕ. ಹೆಣೆಯುವಾಗ ಹುಡುಗಿ ತಲೆ ಹಿಂದಕ್ಕೆ ಬಿಟ್ಟು ಇವರ ಹೊಟ್ಟೆಗೆ ಒರಗಿಕೊಂಡು ಶಾಲೆಯ ಚಾಡಿಗಳನ್ನೆಲ್ಲ ಹೇಳುತ್ತಿದ್ದಳು.

ಒಂದು ಪಂದ್ಯಾವಳಿಯಲ್ಲಿ ಕಟಾದ ಜೊತೆಗೆ, ಎದೆಗೆ ಕವಚ ಕಟ್ಟಿಕೊಂಡು ನಿಜವಾಗಿ ಹೊಡೆದಾಡುವ ಸುತ್ತನ್ನೂ ಇಟ್ಟರು. ಮಾಸ್ಟ್ರು ಬೇಡವೆಂದರು. ಕಡ್ಡಿ ಬಿಡಲಿಲ್ಲ. ಎರಡು ದಿನ ಬೆನ್ನು ಹತ್ತಿ, ಮೂರನೆಯ ದಿನ ಅತ್ತಳು. “ಎಲ್ಲ ಕ್ಲಾಸಿನವರೂ ಇಳೀತಾರೆ ಮಾಸ್ಟ್ರೇ. ನಾನು ಮಾತ್ರ ಕೂತ್ಕೊಂಡು ನೋಡ್ಬೇಕಾ?” ಎಂದು ಕೇಳಿದಳು. ಮಾಸ್ಟ್ರ ಮನಸ್ಸು ಕರಗಿತು. ಆಗಲೂ ಪ್ಯಾಡ್ ಬೀರುವಿನ ಮೇಲೇ ಇತ್ತು. ಇಳಿಸಿ ಒಂದು ವಾರ ಹೊಡೆಸಬಹುದಿತ್ತು. ಇಬ್ಬರಿಗೂ ಅದು ಹೊಳೆಯಲಿಲ್ಲವೆಂದಲ್ಲ. ಪ್ಯಾಡಕ್ಕನಿಗೆ ಹೊಳೆಯಿತು. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡರು.

ಪಂದ್ಯ ಶುರುವಾದ ಅರೆನಿಮಿಷದಲ್ಲಿ ಕಡ್ಡಿಗೆ ಒಂದು ದಾರಿ ಸಿಕ್ಕಿತು. ಎದುರಾಳಿ ಹುಡುಗಿಯ ಕವಚ ಕಟ್ಟಿದ ಎದೆ, ತಡೆಯುವ ಕೈಯಿಲ್ಲದೆ, ಬಾಗಿಲು ತೆರೆದಿಟ್ಟ ಹಾಗಿತ್ತು. ಕಡ್ಡಿ ಮುನ್ನುಗ್ಗಿ ಗುದ್ದಿದಳು. ವೇಗದಲ್ಲಿ ಎರಡು ಮಾತಿಲ್ಲ. ಐದು ವರ್ಷದ ಗಾಳಿಯೆಲ್ಲ ಆ ಗುದ್ದಿನಲ್ಲಿತ್ತು. ಆದರೆ ಮುಷ್ಟಿ ಗಟ್ಟಿಯಾದದ್ದಕ್ಕೆ ತಗಲಿದ್ದು ಅದೇ ಮೊದಲು. ಮಣಿಕಟ್ಟು ಒಳಕ್ಕೆ ಮಡಚಿಕೊಂಡಿತು. ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಪ್ಯಾಡಕ್ಕನಿಗೆ ಆ ಸದ್ದು ಕೇಳಿಸಿತು. ಅದು ಎಂಥ ಸದ್ದು ಎಂದು ಮಾತ್ರ ಹೇಳಲು ಒಪ್ಪುವುದಿಲ್ಲ.

ಹುಡುಗಿ ಅಳಲಿಲ್ಲ. ತನ್ನ ಕೈಯನ್ನೇ ನೋಡುತ್ತಾ, “ಮಾಸ್ಟ್ರೇ, ನಾನು ಸರಿಯಾಗೇ ಹೊಡೆದ್ನಲ್ಲಾ?” ಎಂದು ಕೇಳಿದಳು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅವಳ ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. “ಐದು ವರ್ಷ ಏನು ಕಲಿಸಿದ್ರಿ ಸಾರ್?” ಎಂದಷ್ಟೇ ಕೇಳಿದರು. ಮಣಿಕಟ್ಟಿನ ಒಂದು ಸಣ್ಣ ಮೂಳೆ ಮುರಿದಿತ್ತು. ಕೂಡಿಕೊಳ್ಳಲು ತಡಮಾಡುವ ಮೂಳೆ. ಅದು ಕೊನೆಗೂ ಸರಿಯಾಗಿ ಕೂಡಿಕೊಳ್ಳಲಿಲ್ಲ. ಕಡ್ಡಿ ಮತ್ತೆ ಕ್ಲಾಸಿಗೆ ಬರಲಿಲ್ಲ.

ಅದಾಗಿ ಒಂದು ವಾರಕ್ಕೆ, ಬೆಳಿಗ್ಗೆ ಪ್ಯಾಡಕ್ಕ ಷಟರ್ ತೆರೆದಾಗ ಕಂದು ಪ್ಯಾಡು ಮ್ಯಾಟಿನ ನಡುವೆ ಇತ್ತು. ದೂಳು ಒರೆಸಿದ್ದರು. ಮಾಸ್ಟ್ರು ಕಾಣಲಿಲ್ಲ. ಸಂಜೆ ಬಂದವರು, “ಚಿಕ್ಕ ಮಕ್ಕಳ ಬ್ಯಾಚು ಇನ್ಮೇಲೆ ನೀನು ನೋಡ್ಕೋ” ಎಂದರು. ಅಷ್ಟೇ. ತಪ್ಪಾಯಿತು ಎಂಬ ಮಾತಿಲ್ಲ, ನೀನು ಹೇಳಿದ್ದೆ ಎಂಬ ಮಾತೂ ಇಲ್ಲ. ಆ ವಿಷಯ ಅಣ್ಣ ತಂಗಿಯ ನಡುವೆ, ಮನೆಯಲ್ಲಿ ಯಾರೂ ಕೂರದ ಕುರ್ಚಿಯಂತೆ ಉಳಿದುಬಿಟ್ಟಿತು.

ಪ್ಯಾಡು ಬಂದ ಮೇಲೆ ಎಲ್ಲ ಸಲೀಸಾಗಿ ನಡೆಯಿತೆಂದೇನಲ್ಲ. ಒಬ್ಬ ತಾಯಿ ಬಾಗಿಲಲ್ಲೇ ನಿಂತು, “ಶಿಸ್ತು ಕಲೀಲಿ ಅಂತ ಕಳಿಸಿದ್ರೆ ಹೊಡೆಯೋದು ಕಲಿಸ್ತೀರಲ್ಲ” ಎಂದು ಜೋರು ಮಾಡಿ ಮಗನನ್ನು ಬಿಡಿಸಿಕೊಂಡು ಹೋದಳು. ಇನ್ನೊಬ್ಬ ಹುಡುಗ ಪ್ಯಾಡಿನ ಹುಮ್ಮಸ್ಸಿನಲ್ಲಿ ಮನೆಗೆ ಹೋಗಿ ತಂಗಿಯ ಬೆನ್ನಿಗೆ ಒದ್ದ. ಅಣ್ಣ ಹೆದರಿದ್ದು ಸುಳ್ಳಲ್ಲ ಎಂದು ಪ್ಯಾಡಕ್ಕನಿಗೆ ಆಗ ಮನವರಿಕೆಯಾಯಿತು. ರಾತ್ರಿಯೆಲ್ಲ ಯೋಚಿಸಿದರು. ಮರುದಿನ ಆ ಹುಡುಗನನ್ನು ಬೈಯಲಿಲ್ಲ, ಹೊರಗೆ ಹಾಕಲೂ ಇಲ್ಲ. ದೊಡ್ಡ ಪ್ಯಾಡನ್ನು ಅವನ ಎದೆಗೆ ಕೊಟ್ಟು, ಅವನಿಗಿಂತ ದೊಡ್ಡವನನ್ನು ಎದುರಿಗೆ ನಿಲ್ಲಿಸಿ, “ಹಿಡ್ಕೋ” ಎಂದರು. ಮೂರು ಒದೆಗೆ ಹುಡುಗನ ಮುಖ ಸಣ್ಣದಾಯಿತು.

“ಹೇಗಿದೆ?”

“ಒಳಗೆ ಗುಂಯ್ ಅನ್ನುತ್ತೆ ಅಕ್ಕ.”

“ಇಷ್ಟು ದಪ್ಪ ಪ್ಯಾಡ್ ಇದ್ದೂ ಗುಂಯ್ ಅನ್ನುತ್ತೆ. ನಿನ್ನ ತಂಗಿ ಹತ್ತಿರ ಪ್ಯಾಡ್ ಇತ್ತಾ?”

ಹುಡುಗ ಇಲ್ಲವೆಂದು ತಲೆಯಾಡಿಸಿದ. ಅಂದಿನಿಂದ ಕ್ಲಾಸಿಗೆ ಒಂದು ಕಟ್ಟಳೆ ಬಂತು: ಹೊಡೆದವರು ಹಿಡೀಬೇಕು. ಎಷ್ಟು ಹೊಡೆದರೋ ಅಷ್ಟು. ಚಿಕ್ಕವರು ಚಿಕ್ಕವರಿಗೆ, ದೊಡ್ಡವರು ದೊಡ್ಡವರಿಗೆ. ತಾನು ಹಿಡಿದಾಗ ಎಲ್ಲಿ ನೋವಾಗುತ್ತದೆಂದು ತಿಳಿದ ಮಗು, ಹೊಡೆಯುವಾಗ ಹೇಗೆ ಹೊಡೆಯಬೇಕೆಂದೂ ತಿಳಿಯುತ್ತದೆ ಎಂಬುದು ಇವರ ಲೆಕ್ಕಾಚಾರ. ಬಿಡಿಸಿಕೊಂಡು ಹೋಗಿದ್ದ ತಾಯಿ ಮರುವರ್ಷ ಮಗಳನ್ನು ಕರೆತಂದು ಸೇರಿಸಿದಳು. ಮಗನ ಸುದ್ದಿ ಎತ್ತಲಿಲ್ಲ. ಪ್ಯಾಡಕ್ಕನೂ ಕೇಳಲಿಲ್ಲ.

ಕಡ್ಡಿಯನ್ನು ನೋಡಲು ಹೋಗಬೇಕೆಂದುಕೊಂಡೇ ವರ್ಷಗಳು ಉರುಳಿದವು. ಇವತ್ತು ಬೇಡ, ನಾಳೆ. ಪರೀಕ್ಷೆ ಇರಬಹುದು, ಮುಗಿಯಲಿ. ಕೊನೆಗೆ ಹೋದದ್ದು, ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ಯಾರೋ ಹೇಳಿದ ಮೇಲೆ, ಕಳೆದ ವರ್ಷ. ಕಣ್ಣು ತೋರಿಸುವ ನೆಪ ಮಾಡಿಕೊಂಡು ಹೋದರು. ಗಾಜಿನ ಕೌಂಟರಿನ ಹಿಂದೆ ನಿಂತಿದ್ದ ಉದ್ದನೆಯ ಹೆಣ್ಣುಮಗಳು ಗುರುತು ಹಿಡಿದು, “ಅಕ್ಕಾ!” ಎಂದು ಕೂತುಕೊಳ್ಳಲು ಸ್ಟೂಲ್ ಎಳೆದು ಕೊಟ್ಟಳು. ಎಡಗೈಯಿಂದ.

“ಕೈ ಹೇಗಿದೆ ಮಗಾ?”

“ಇದೆ. ಚಳಿಗೆ ಸ್ವಲ್ಪ ನೋಯುತ್ತೆ. ಸ್ಕ್ರೂ ತಿರುಗಿಸೋ ಕೆಲಸ ಎಲ್ಲಾ ಎಡಗೈಲಿ ರೂಢಿ ಆಗಿದೆ.”

“ಒಂದ್ಸಲ ಕ್ಲಾಸಿಗೆ ಬಾರೇ. ಈಗ ಪ್ಯಾಡ್ ಇಟ್ಟಿದ್ದೀವಿ. ಮಕ್ಕಳು ನೋಡಲಿ ನಿನ್ನ.”

ಹುಡುಗಿ ಒಂದು ಫ್ರೇಮನ್ನು ಬಟ್ಟೆಯಿಂದ ಒರೆಸಿ ಅದರ ಜಾಗದಲ್ಲಿಟ್ಟಳು. “ಆ ಪ್ಯಾಡ್ ನಾನು ನೋಡಿದ್ದೆ ಅಕ್ಕ. ಬೀರು ಮೇಲೆ ಇತ್ತಲ್ಲ, ಕಂದು ಬಣ್ಣದ್ದು. ಅದೇನು ಅಂತ ಮಾಸ್ಟ್ರನ್ನ ಕೇಳಿದ್ದೆ ಕೂಡ. ಹಳೇ ದಿಂಬು ಅಂದ್ರು.”

ಪ್ಯಾಡಕ್ಕ ಕೌಂಟರಿನ ಮೇಲಿಟ್ಟಿದ್ದ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

“ನನಗೆ ಯಾರ ಮೇಲೂ ಸಿಟ್ಟಿಲ್ಲ” ಎಂದಳು ಅವಳು. “ಆದ್ರೆ ಬರಲ್ಲ ಅಕ್ಕ. ಕರೀಬೇಡಿ.”

ಅಷ್ಟರಲ್ಲಿ ಗಿರಾಕಿ ಬಂದರು. ಪ್ಯಾಡಕ್ಕ ಹೊರಟರು. ಅವಳು ಬಾಗಿಲವರೆಗೂ ಬಂದು, ಮೆಟ್ಟಿಲು ಎತ್ತರವಿದೆ ನೋಡಿಕೊಂಡು ಇಳಿಯಿರಿ ಎಂದು ತೋಳು ಹಿಡಿದಳು. ಆ ಹಿಡಿತ ಮೆತ್ತಗಿತ್ತು. “ಜಡೆ ಬಿಟ್ಟು ಕೂದಲು ಕತ್ತರಿಸಿಬಿಟ್ಟಿದ್ದಾಳೆ” ಎಂದು ಪ್ಯಾಡಕ್ಕ ಈ ಕಥೆಯನ್ನು ಅಲ್ಲಿಗೆ ನಿಲ್ಲಿಸುತ್ತಾರೆ. ಕಣ್ಣು ಒರೆಸಿಕೊಳ್ಳುವುದಿಲ್ಲ. ಒರೆಸಿಕೊಂಡರೆ ಅತ್ತದ್ದು ಗೊತ್ತಾಗುತ್ತದಲ್ಲ.

ಹಳೇ ದಿಂಬಿನ ಮಾತನ್ನು ಅಣ್ಣನಿಗೆ ಅವರು ಹೇಳಿಲ್ಲ.

ಈ ವರ್ಷದ ಶುರುವಿನಲ್ಲಿ ಬಲ ಭುಜ ಕೈ ಕೊಟ್ಟಿತು. ತಲೆ ಬಾಚಲು ತೋಳು ಮೇಲೆ ಏಳುತ್ತಿಲ್ಲ. ಡಾಕ್ಟರು ಸ್ಕ್ಯಾನ್ ತೆಗೆಸಿ, ಒಳಗಿನ ನರ ಮಾಂಸವೆಲ್ಲ ಹಳೇ ಹಗ್ಗದಂತೆ ಎಳೆಎಳೆಯಾಗಿದೆ ಎಂದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. “ಮಕ್ಕಳ ಕೈಲಿ ಹೊಡೆಸಿಕೊಳ್ತೀನಿ” ಎಂದು ಇವರು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟು, ಜೊತೆಗೆ ಬಂದಿದ್ದ ಗಂಡನ ಮುಖ ನೋಡಿದರಂತೆ. “ನನ್ನನ್ನ ಯಾಕೆ ಸಾರ್ ನೋಡ್ತೀರ, ನಾನೂ ಹೇಳಿ ಹೇಳಿ ಸಾಕಾಗಿದ್ದೀನಿ” ಎಂದು ಗಂಡ ಕೈ ಚೆಲ್ಲಿದರು. ಪ್ಯಾಡ್ ಹಿಡಿಯುವುದನ್ನು ನಿಲ್ಲಿಸಬೇಕೆಂಬುದು ಡಾಕ್ಟರ ಕಟ್ಟಪ್ಪಣೆ. ಇವರು ಎಡಗೈಗೆ ಬದಲಾಯಿಸಿಕೊಂಡು ಹಿಡಿಯುತ್ತಲೇ ಇದ್ದಾರೆ. ಹೊಡೆಯುವುದನ್ನು ಕಲಿಯಲು ಅರವತ್ತು ಮಕ್ಕಳು ಸಾಲಿನಲ್ಲಿದ್ದಾರೆ. ಹೊಡೆಸಿಕೊಳ್ಳುವುದನ್ನು ಕಲಿಯಲು ದೊಡ್ಡವರು ಒಬ್ಬರೂ ನಿಲ್ಲುವುದಿಲ್ಲ. ಬಂದ ಇಬ್ಬರು ಯುವಕರು, ಇದರಲ್ಲಿ ಬೆಲ್ಟೂ ಇಲ್ಲ, ಫೋಟೋನೂ ಇಲ್ಲ ಎಂದು ತಿಳಿದು ಹಿಂದೆ ಸರಿದರು.

ಹೀಗಿರುವಾಗಲೇ ಕಳೆದ ತಿಂಗಳು ಒಂದು ಬೆಳಿಗ್ಗೆ ಷಟರ್ ಆಗಲೇ ಮೇಲಕ್ಕೆದ್ದಿತ್ತು. ಒಳಗೆ ಮಾಸ್ಟ್ರು. ಬಿಳಿ ಬಟ್ಟೆ ಇಸ್ತ್ರಿ ಮಾಡಿಸಿ ಹಾಕಿಕೊಂಡು, ಬೆಲ್ಟು ಬಿಗಿದು, ಎರಡೂ ಕೈಗೆ ಪ್ಯಾಡು ತೊಟ್ಟು ನಿಂತಿದ್ದಾರೆ. ಬಲಗೈಯದು ಎಡಕ್ಕೆ, ಎಡಗೈಯದು ಬಲಕ್ಕೆ. ಅರವತ್ತು ದಾಟಿದ ಮನುಷ್ಯ.

“ಹೇಗೆ ಹಿಡೀಬೇಕು ಹೇಳು” ಎಂದರು.

ಪ್ಯಾಡಕ್ಕ ಮೊದಲು ಪ್ಯಾಡು ಬದಲಾಯಿಸಿದರು. ಆಮೇಲೆ ಅಣ್ಣನ ಮೊಣಕೈ ಹಿಡಿದು ಮಡಿಸಿದರು, ಪಾದ ಒಂದನ್ನು ಹಿಂದಕ್ಕೆ ತಳ್ಳಿದರು. ಮಕ್ಕಳು ಬರತೊಡಗಿದರು. ಮಾಸ್ಟ್ರು ಪ್ಯಾಡ್ ತೊಟ್ಟಿರುವುದನ್ನು ಕಂಡು ಬಾಗಿಲಲ್ಲೇ ಗುಂಪಾಗಿ ನಿಂತರು. ಒಬ್ಬ ಧೈರ್ಯ ಮಾಡಿ ಮುಂದೆ ಬಂದು ಒದ್ದ. ಮಾಸ್ಟ್ರು ಕಂಬದ ಹಾಗೆ ಬಿಗಿಯಾಗಿ ನಿಂತಿದ್ದರಿಂದ ಹುಡುಗನೇ ಪುಟಿದು ಕೂತ. ಮಕ್ಕಳೆಲ್ಲ ಗೊಳ್ಳೆಂದರು.

“ಇಸ್ಕೋಬೇಕು ಅಣ್ಣ. ತಡೀಬಾರದು” ಎಂದರು ತಂಗಿ.

“ನಲವತ್ತು ವರ್ಷ ತಡೆಯೋದನ್ನೇ ಕಲಿತಿದ್ದೀನಲ್ಲೇ.”

ಕ್ಲಾಸ್ ಮುಗಿಯುವ ಹೊತ್ತಿಗೆ ಮಾಸ್ಟ್ರ ಅಂಗೈ ಕೆಂಪಗಾಗಿ ಊದಿಕೊಂಡಿತ್ತು. ಮಕ್ಕಳು ಹೋದ ಮೇಲೆ ಗೋಡೆಗೆ ಒರಗಿ ಕೂತರು. ತಂಗಿ ನೀರಿನ ಬಾಟಲಿ ಕೊಟ್ಟರು. ಅದನ್ನು ಕುಡಿಯದೆ ಅಂಗೈಗಳ ನಡುವೆ ಇಟ್ಟುಕೊಂಡು ತಂಪು ಮಾಡಿಕೊಳ್ಳುತ್ತಾ, “ದಿನಾ ಹೀಗೇನಾ?” ಎಂದು ಕೇಳಿದರು.

“ಹೂಂ.”

“ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ನಂದು ಆ ಕಥೆ ಆಯ್ತು. ನೀನು ಅವತ್ತೇ ಹೇಳಿದ್ದೆ.”

ಇಷ್ಟು ವರ್ಷ ಆ ಒಂದು ಮಾತಿಗಾಗಿ ಕಾದಿದ್ದೆನೋ ಏನೋ ಎಂದು ಪ್ಯಾಡಕ್ಕನಿಗೆ ಅನ್ನಿಸಿತಂತೆ. ಕೇಳಿದ ಮೇಲೆ ಹಗುರವೇನೂ ಆಗಲಿಲ್ಲ. ಹೋಗಲಿ ಬಿಡು ಎನ್ನಬಹುದಿತ್ತು. ಅದು ಹೋಗುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಅನ್ನಲಿಲ್ಲ.

“ತಡ ಆಯ್ತು ಅಣ್ಣ” ಎಂದರು.

“ಆಯ್ತು” ಎಂದರು ಮಾಸ್ಟ್ರು.

ಅಂದಿನಿಂದ ಬೆಳಗಿನ ತಂಡಕ್ಕೆ ಇಬ್ಬರು ಹಿಡಿಯುತ್ತಾರೆ. ದೊಡ್ಡ ಮಕ್ಕಳ ಒದೆ ಮಾಸ್ಟ್ರಿಗೆ, ಪುಟಾಣಿಗಳ ಗುದ್ದು ಪ್ಯಾಡಕ್ಕನಿಗೆ. ಮಾಸ್ಟ್ರು ಇನ್ನೂ ಒಂದೊಂದು ಸಲ ಕಂಬವಾಗುತ್ತಾರೆ. ತಂಗಿ ಈ ತುದಿಯಿಂದಲೇ, “ಅಣ್ಣಾ, ಮೊಣಕೈ!” ಎಂದು ಕೂಗುತ್ತಾರೆ. ಮಕ್ಕಳಿಗೆ ಇದಕ್ಕಿಂತ ಮೋಜು ಬೇರಿಲ್ಲ.

ಇವತ್ತಿನ ಬೆಳಗಿನ ಕ್ಲಾಸು ಮುಗಿದಿದೆ. ಪ್ಯಾಡುಗಳನ್ನು ಬಿಸಿಲಿಗೆ ಹರಡುತ್ತಿರುವ ಪ್ಯಾಡಕ್ಕನಿಗೆ ಒಬ್ಬಳು ಪುಟ್ಟ ಹುಡುಗಿ ಒಂದೊಂದನ್ನೇ ಎತ್ತಿ ಕೊಡುತ್ತಿದ್ದಾಳೆ. ಅವಳ ಅಪ್ಪ ಇನ್ನೂ ಬಂದಿಲ್ಲ. ಕೊಡುತ್ತಾ ಕೊಡುತ್ತಾ ಕೇಳುತ್ತಾಳೆ: “ಅಕ್ಕ, ನೀವು ಚಿಕ್ಕೋರಿದ್ದಾಗ ನಿಮಗೆ ಯಾರು ಹಿಡೀತಿದ್ರು?”

“ಯಾರೂ ಹಿಡೀತಿರಲಿಲ್ಲ ಕಂದಾ. ಆಗ ಪ್ಯಾಡೇ ಇರಲಿಲ್ಲ.”

“ಮತ್ತೆ ಈಗ?”

“ಈಗ ನಾನೇ ಹಿಡಿಯೋಳು.”

“ಹಾಗಾದ್ರೆ ನೀವು ಯಾವತ್ತೂ ಹೊಡೆದೇ ಇಲ್ವಾ?”

ಪ್ಯಾಡಕ್ಕ ಕೈಯಲ್ಲಿದ್ದ ಪ್ಯಾಡನ್ನು ಹಾಗೇ ಹಿಡಿದುಕೊಂಡು ನಿಲ್ಲುತ್ತಾರೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ಇಲ್ಲ. ಓಣಿಯಲ್ಲಿ ಎಣಿಸುತ್ತಿದ್ದ ದಿನಗಳಿಂದ ಇಲ್ಲಿಯವರೆಗೆ ಅವರ ಒಂದು ಗುದ್ದಾಗಲಿ, ಒಂದು ಒದೆಯಾಗಲಿ ಯಾವುದಕ್ಕೂ ತಗಲಿಲ್ಲ. ಆ ಠಪ್ ಎಂಬ ಸದ್ದು ಬೇರೆಯವರ ಕೈಯಿಂದ ಹುಟ್ಟಿದ್ದನ್ನೇ ಕೇಳಿದ್ದಾರೆ.

ಹುಡುಗಿಯ ಅಪ್ಪ ಬಂದು ಹಾರನ್ ಮಾಡುತ್ತಾನೆ. ಅವಳು ಓಡಿಹೋದ ಮೇಲೆ ಪ್ಯಾಡಕ್ಕ ಮೆಟ್ಟಿಲ ಮೇಲೆ ಕೂತು ಭುಜ ಒತ್ತಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಮೊದಲು ಇಲ್ಲವೆಂದು ತಲೆಯಾಡಿಸಿ, ಆಮೇಲೆ ಒಳಗೆ ಮ್ಯಾಟು ಸುತ್ತುತ್ತಿರುವ ಅಣ್ಣನಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

“ಒಂದೇ ಒಂದು ಸಲ ನಾನೂ ಹೊಡೀಬೇಕು. ಗುದ್ದೋಕೆ ಈ ಕೈ ಇನ್ನು ಬರಲ್ಲ, ಅದು ಹೋಯ್ತು. ಒಂದು ಒದೆ. ಅಣ್ಣನೇ ಹಿಡೀಬೇಕು. ಆದ್ರೆ ಅವನಿಗೆ ಹಿಡಿಯೋದು ಇನ್ನೂ ಸರಿಯಾಗಿ ಬಂದಿಲ್ಲ, ಅವಸರ ಮಾಡಿದ್ರೆ ಇಬ್ಬರೂ ಬೀಳ್ತೀವಿ. ಕಲೀಲಿ, ಕಾಯ್ತೀನಿ. ಅವನು ಕಲಿಯೋ ಹೊತ್ತಿಗೆ ನನ್ನ ಕಾಲು ಇಷ್ಟು ಎತ್ತರ ಏಳ್ತಾ ಇದ್ರೆ ಸಾಕು.”

ಎಷ್ಟು ಎತ್ತರ ಎಂದು ಎಡಗೈಯಲ್ಲಿ ತೋರಿಸುತ್ತಾರೆ. ಮಾಸ್ಟ್ರ ಎದೆಯ ಮಟ್ಟ.